ವೆಬ್‌ಸಾಕೆಟ್ಟಿನ ಸ್ಮೃತಿ
2011ರಲ್ಲಿ ನಿಯಮಬದ್ಧವಾದ ವೆಬ್‌ಸಾಕೆಟ್ ಸಂಪರ್ಕವು ಬ್ರೌಸರಿಗೂ ಸರ್ವರಿಗೂ ನಡುವೆ ಉಭಯಮುಖ ಸಂಭಾಷಣೆಯನ್ನು ಅವಿಚ್ಛಿನ್ನವಾಗಿ ನಡೆಯಗೊಡುವುದಾದರೂ, ಅದರ ಆಯುಸ್ಸು ಬಲು ಚಂಚಲವಾದುದು. ಫೀನಿಕ್ಸ್ ಲೈವ್‌ವ್ಯೂ ಚೌಕಟ್ಟಿನಲ್ಲಿ ಪ್ರತಿಯೊಂದು ಸಂಪರ್ಕಕ್ಕೂ ಸರ್ವರಿನಲ್ಲಿ ಪ್ರತ್ಯೇಕವಾದೊಂದು ಪ್ರೋಸೆಸ್ ಇದ್ದು, ಬಳಕೆದಾರನ ಆಯ್ಕೆಗಳೆಲ್ಲ ಅದರ ಸ್ಮೃತಿಯಲ್ಲಿಯೇ ನೆಲಸಿರುವುದರಿಂದ, ಮೊಬೈಲಿನ ಸಿಗ್ನಲ್ ಕಳೆದು ಸಂಪರ್ಕ ಕಡಿಯಿತೆಂದರೆ ಆ ಸ್ಮೃತಿಯೂ ಅಳಿದು, ಮರಳಿ ಬಂದವನನ್ನು ಎದುರುಗೊಳ್ಳುವ ಹೊಸ ಪ್ರೋಸೆಸ್ ಅವನ ಗುರುತನ್ನು ಬಲ್ಲುದೇ ಹೊರತು ಪೂರ್ವವೃತ್ತಾಂತವನ್ನರಿಯದು. ಕುಕಿಯಲ್ಲಿ ಬರೆದಿಡೋಣವೆಂದರೆ (ಹೊಸಬರು ಎಡವುವುದು ಇಲ್ಲಿಯೇ), ಸರ್ವರು ಕುಕಿಯನ್ನು ಕಳುಹುವುದು ಎಚ್‌ಟಿಟಿಪಿ ಉತ್ತರದ ಶಿರೋಭಾಗದಲ್ಲಿ ಮಾತ್ರ. ಆ ಉತ್ತರವೋ ಸಂಪರ್ಕ ಏರ್ಪಡುವ ಹೊತ್ತಿಗೇ ಮುಗಿದುಹೋಗಿರುತ್ತದೆ. ಆದುದರಿಂದ ಕುಕಿಯಲ್ಲಿ ಗುರುತನ್ನಷ್ಟೇ ಇರಿಸಿ, ಬಹುಕಾಲ ಬಾಳಬೇಕಾದುದನ್ನು ಡೇಟಾಬೇಸಿಗೆ ಒಪ್ಪಿಸಿ, ಮೌಂಟ್ ಆದಾಗಲೆಲ್ಲ, ಎಂದರೆ ಹೊಸ ಪ್ರೋಸೆಸ್ ಮೊದಲುಗೊಂಡಾಗಲೆಲ್ಲ, ಪುನಃ ಓದಿಕೊಳ್ಳುವುದೇ ಲೇಸು. ಶೋಧಪದ, ಪುಟಸಂಖ್ಯೆಗಳಂಥ ಅಲ್ಪ ವಿವರಗಳಿಗೆ ಯುಆರ್‌ಎಲ್ಲೇ ಸಾಕು.