ಒಂದೇ ಕೌದಿ, ಒಂದೇ ರಾತ್ರಿ

ನಾಲ್ಕನೇ ಇಯತ್ತೆಯ ಆ ಹುಡುಗಿ ಬಲಗೈಯಲ್ಲಿ ಬರೆಯುತ್ತಲೇ ಎಡಗೈ ಬೆರಳುಗಳನ್ನು ಪಾಟಿಚೀಲದ ಜಿಪ್ಪಿಗೆ ಉಜ್ಜುತ್ತಿದ್ದಳು. ಕೈ ಬಿಡಿಸಿ ನೋಡಿದೆ. ಬೆರಳ ಸಂದಿಯಲ್ಲಿ ಸಣ್ಣ ಸಣ್ಣ ಗುಳ್ಳೆ, ಮಣಿಕಟ್ಟಿನಲ್ಲಿ ಕೆರೆದು ಕೆರೆದು ಕೀವು. "ರಾತ್ರಿ ಭಾಳ ತಿಂಡಿ ಬಿಡತೈತ್ರಿ ಅಕ್ಕೋರ, ನಿದ್ದಿನ ಹತ್ತಂಗಿಲ್ಲ" ಅಂದಳು.

ಅವತ್ತು ನಾನು ತಪ್ಪು ಮಾಡಿದೆ. ಅವಳನ್ನು ಬೇರೆ ಕೂರಿಸಿದೆ, ವಾಸಿಯಾದ ಮೇಲೆ ಬಾ ಎಂದು ಮನೆಗೆ ಕಳಿಸಿದೆ. ಕಜ್ಜಿಯ ಹುಳ ಮೈ ಹೊಕ್ಕ ನಾಲ್ಕರಿಂದ ಆರು ವಾರಕ್ಕೆ ತುರಿಕೆ ಶುರುವಾಗುತ್ತದೆ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವಳ ಕೈ ಹಿಡಿದು ಆಡಿದವರಿಗೆಲ್ಲ ಅದು ದಾಟಿರಬಹುದು. ನಾನು ಹೊರಗೆ ಹಾಕಿದ್ದು ರೋಗವನ್ನಲ್ಲ, ಮಗುವನ್ನು.

ಬೇವೂರಿನಲ್ಲಿರುವ ಅವಳ ಮನೆಗೆ ಹೋದೆ. ಅಪ್ಪ-ಅವ್ವ ಗೋವಾಕ್ಕೆ ದುಡಿಯಲು ಹೋಗಿದ್ದರು. ಅಜ್ಜಿಯ ಮಗ್ಗುಲಲ್ಲಿ ಮೂವರು ಮೊಮ್ಮಕ್ಕಳು, ಎಲ್ಲರಿಗೂ ಒಂದೇ ಕೌದಿ. ಅಜ್ಜಿ ದಿನಾ ಬೇವಿನ ತಪ್ಪಲು ಕುದಿಸಿ ಮೈ ತೊಳೆಯುತ್ತಿದ್ದಳು. ಹೊಲಸಿಗೆ ಕಜ್ಜಿ ಆಗುತ್ತದೆ ಎನ್ನುವವರು ಆ ಅಂಗಳವನ್ನು ಬಂದು ನೋಡಬೇಕು. ಬೇವಿನ ನೀರಿಗೆ ಉರಿ ತಣಿಯಬಹುದು, ಆದರೆ ಚರ್ಮದೊಳಗೆ ಬಿಲ ಕೊರೆದು ದಿನಕ್ಕೆ ಎರಡು ಮೂರು ತತ್ತಿ ಇಡುವ ಹುಳ ಅದಕ್ಕೆ ಸಾಯುತ್ತದೆಂದು ನಂಬಿ ಕೂರಬಾರದು.

ಮುಲಾಮನ್ನೂ ತಂದಿದ್ದರು. ಒಂದೇ ಟ್ಯೂಬು, ಗುಳ್ಳೆ ಇದ್ದಲ್ಲಿ ಮಾತ್ರ, ಒಬ್ಬಳಿಗೆ ಮಾತ್ರ. ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ಸವರಿ ರಾತ್ರಿಯಿಡೀ ಬಿಡಬೇಕು. ಮನೆಮಂದಿಯೆಲ್ಲ ಅದೇ ರಾತ್ರಿ ಹಚ್ಚಿಕೊಳ್ಳಬೇಕು, ತುರಿಕೆ ಇಲ್ಲದವರೂ. ವಾರ ಎರಡು ವಾರ ಬಿಟ್ಟು ಇನ್ನೊಮ್ಮೆ. ದೊಡ್ಡವರೊಬ್ಬರ ಮೈಗೇ 30 ಗ್ರಾಮಿನ ಒಂದು ಟ್ಯೂಬು ಮುಗಿಯುತ್ತದೆ. ಕೂಲಿಯ ಮನೆ ಇಷ್ಟು ಟ್ಯೂಬು ಎಲ್ಲಿಂದ ತರಬೇಕು? ಅಗ್ಗಕ್ಕೆ ಸಿಗುವ ಸ್ಟೀರಾಯ್ಡ್ ಮುಲಾಮು ಕೊಳ್ಳುತ್ತಾರೆ. ಕೆಂಪು ಮಾಯವಾಗುತ್ತದೆ, ಹುಳ ಉಳಿಯುತ್ತದೆ. ಕೆರೆದ ಗಾಯ ಕೀವಾದರೆ ಮೂತ್ರಪಿಂಡದವರೆಗೂ ತೊಂದರೆ ಹೋಗಬಹುದು.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಫಿಜಿಯ ದ್ವೀಪಗಳಲ್ಲಿ ಊರಿಗೆ ಊರೇ ಐವರ್‌ಮೆಕ್ಟಿನ್ ಮಾತ್ರೆ ನುಂಗಿದಾಗ, ನೂರಕ್ಕೆ 32 ಜನರಲ್ಲಿದ್ದ ಕಜ್ಜಿ ಒಂದೇ ವರ್ಷದಲ್ಲಿ ನೂರಕ್ಕೆ 2ಕ್ಕೆ ಇಳಿಯಿತು. ನಮ್ಮಲ್ಲೂ ಜಂತುಹುಳದ ಮಾತ್ರೆಯನ್ನು ಒಂದೇ ದಿನ ಎಲ್ಲ ಶಾಲೆಗಳಲ್ಲಿ ಕೊಡುತ್ತೇವಲ್ಲ, ಕಜ್ಜಿ ಕಂಡ ಶಾಲೆಯಲ್ಲೂ ಹಾಗೇ ಆಗಲಿ. ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ವೈದ್ಯರು ಬೆರಳ ಸಂದಿಯನ್ನೂ ನೋಡಲಿ. ಒಂದು ಮಗುವಿಗೆ ಕಂಡರೂ ಆ ಮಗುವಿನ ಮನೆಗೆಲ್ಲ ಸಾಕಾಗುವಷ್ಟು ಔಷಧವನ್ನು ಸರ್ಕಾರವೇ ಕೊಡಲಿ, ಆಶಾ ಕಾರ್ಯಕರ್ತೆಯರು ಹಚ್ಚುವ ರಾತ್ರಿಯನ್ನು ಗೊತ್ತು ಮಾಡಲಿ.

ತಾಯಂದಿರೇ, ಅಜ್ಜಿಯರೇ, ಮಗು ರಾತ್ರಿ ಕೆರೆದುಕೊಂಡರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ನಮಗೆ ಹೇಳಿ, ನಾವು ಬೈಯುವುದಿಲ್ಲ, ಬೇರೆ ಕೂರಿಸುವುದೂ ಇಲ್ಲ. ಕೂಸು, ಬಸುರಿ ಇದ್ದರೆ ವೈದ್ಯರನ್ನು ಕೇಳಿಯೇ ಔಷಧ ಮಾಡಿ. ಆಸ್ಪತ್ರೆಗೆ ಆ ಮಗುವನ್ನಷ್ಟೇ ಅಲ್ಲ, ಅದರ ಜೊತೆ ಅದೇ ಕೌದಿಯಲ್ಲಿ ಮಲಗುವವರನ್ನೆಲ್ಲ ಕರೆದುಕೊಂಡು ಹೋಗಿ.