ಬಂಡೆ ಕಾಲುವೆಯಲ್ಲಿ ಒಂದೂವರೆ ತಾಸು



ಅಮೆರಿಕದ ಪೂರ್ವ ಕರಾವಳಿಯ ಒಳಜಲಮಾರ್ಗವನ್ನು ಕಳೆದ ಸಂಚಿಕೆಯ ಲೇಖನ ‘ತೊಟ್ಟಿಲಿನಂಥ ನೀರು’ ಎಂದಿದೆ. ಓದಿ ನಗು ಬಂತು. ಮಿತ್ರರ ದೋಣಿಯಲ್ಲಿ ನಾರ್ಫೋಕ್‌ನಿಂದ ದಕ್ಷಿಣಕ್ಕೆ ಹೊರಟವನು ನಾನು. ಸುಮಾರು 350 ಮೈಲಿ ಕಳೆದು, ಲಿಟಲ್ ರಿವರ್ ದಾಟಿ ಮರ್ಟಲ್ ಬೀಚ್ ಕಡೆ ಹೊರಳಿದರೆ ‘ರಾಕ್ ಪೈಲ್’ ಎದುರಾಗುತ್ತದೆ. ಬಂಡೆ ಒಡೆದು ತೋಡಿದ ಇಕ್ಕಟ್ಟು ಕಾಲುವೆ. 1936ರಲ್ಲಿ ಸಂಚಾರಕ್ಕೆ ತೆರೆಯಿತು. ಇಳಿತದಲ್ಲಿ ಎರಡೂ ದಡದ ಕಲ್ಲುಗಳು ಹಲ್ಲುಕಿರಿದು ನಿಲ್ಲುತ್ತವೆ, ಉಬ್ಬರ ಬಂತೋ, ಮಾಯ! ಹಾಗಾಗಿ ನಾವು ಇಳಿತದಲ್ಲೇ ಹೋದೆವು. ಕಲ್ಲು ಎಲ್ಲಿದೆ ಎಂದಾದರೂ ಗೊತ್ತಾಗುತ್ತದಲ್ಲ.

ಒಳಹೊಗುವ ಮುನ್ನ ರೇಡಿಯೊದ 16ನೇ ಚಾನೆಲ್‌ನಲ್ಲಿ ‘ನಾವು ಬರುತ್ತಿದ್ದೇವೆ’ ಎಂದು ಸಾರಬೇಕು, ಥೇಟ್ ಘಾಟಿಯ ತಿರುವಿನಲ್ಲಿ ಹಾರ್ನ್ ಹೊಡೆದ ಹಾಗೆ. ಎದುರಿನಿಂದ ಸರಕಿನ ಬಾರ್ಜ್ ಬಂದರೆ ಪಕ್ಕಕ್ಕೆ ಸರಿಯುವುದು ಕಲ್ಲಿನ ಮೇಲೇ. ನಮಗೆ ಯಾರೂ ಉತ್ತರಿಸಲಿಲ್ಲ. ಆದರೂ ಒಂದೂವರೆ ತಾಸು ದೋಣಿಯಲ್ಲಿ ಯಾರೂ ಕಾಫಿ ಕೇಳಲಿಲ್ಲ, ನಾನೂ ಸಹ!

ಇನ್ನೊಂದು: ಈ ಮಾರ್ಗದಲ್ಲಿ ದಕ್ಷಿಣಕ್ಕೆ ಸಾಗುವಾಗ ಕೆಂಪು ಗುರುತುಗಳು ಬಲಕ್ಕಿರಬೇಕು. ಲೇಖನದಲ್ಲಿ ಎಡಕ್ಕೆ ಎಂದು ಅಚ್ಚಾಗಿದೆ. ಯಾರಾದರೂ ನಂಬಿ ಹೊರಡುವ ಮೊದಲು ತಿದ್ದುಪಡಿ ಹಾಕಿ.

— ಶಾರ್ಲೆಟ್‌ನಿಂದ ಒಬ್ಬ ಓದುಗ