ಹೋದ ಟೀಚರ್, ಬಂದ ಟೀಚರ್ ಮತ್ತು ನಮ್ಮ ಶಾಲೆಯ ಲೆಕ್ಕ

ಶಾಲೆ ಬಾಗಿಲು ತೆರೆದು ಎರಡು ವಾರ ಆಯಿತು. ಕರಾವಳಿಯಲ್ಲಿ ಶಾಲೆ ಶುರುವಾಯಿತು ಅಂದರೆ ಮಳೆ ಶುರುವಾಯಿತು ಅಂತಲೇ ಅರ್ಥ. ಕೊಡೆ, ರೈನ್‌ಕೋಟ್, ಬ್ಯಾಗ್, ಪುಸ್ತಕಕ್ಕೆ ಬೈಂಡ್ ಹಾಕುವ ಗಡಿಬಿಡಿಯ ನಡುವೆ ನಮ್ಮ ಮೊಹಲ್ಲಾಗಳಲ್ಲಿ ಒಂದು ಮಾತು ಮನೆಯಿಂದ ಮನೆಗೆ ಓಡಾಡುತ್ತಿದೆ. "ಒಂದನೇ ಕ್ಲಾಸಿನ ಟೀಚರಿಗೆ ಟ್ರಾನ್ಸ್‌ಫರ್ ಆಯ್ತಂತೆ, ಇನ್ನು ಆ ಶಾಲೆಯಲ್ಲಿ ಎಂತ ಉಂಟು?" ಈ ಮಾತಿನ ಹಿಂದೆಯೇ ಬರುವುದು ಟಿ.ಸಿ. ಕೇಳುವ ಅರ್ಜಿ. ಒಂದು ಮನೆಯವರು ತೆಗೆದರೆ ಪಕ್ಕದ ಮನೆಯವರೂ ತೆಗೆಯುತ್ತಾರೆ. ಜುಲೈ ಬರುವಷ್ಟರಲ್ಲಿ ಊರಿನ ಸರಕಾರಿ ಪ್ರಾಥಮಿಕ ಶಾಲೆಯ ಒಂದೆರಡು ಬೆಂಚು ಖಾಲಿಯಾಗಿರುತ್ತದೆ.

ಟೀಚರ್ ಯಾಕೆ ಹೋದರು ಎಂದು ಕೇಳುವವರು ಕಡಿಮೆ. ನಮ್ಮ ಜಿಲ್ಲೆಯ ಸರಕಾರಿ ಶಾಲೆಗಳಲ್ಲಿ ಪಾಠ ಮಾಡುವವರಲ್ಲಿ ಘಟ್ಟದ ಮೇಲಿನವರು ತುಂಬ ಮಂದಿ ಇದ್ದಾರೆ. ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ ಕಡೆಯಿಂದ ಇಪ್ಪತ್ತೈದರ ಪ್ರಾಯದಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದವರು. ಕುಚ್ಚಲಕ್ಕಿ ಅನ್ನಕ್ಕೆ ಒಗ್ಗಿಕೊಂಡು, ತುಳು ಕಲಿತು, ನಮ್ಮ ಮಕ್ಕಳ ಬಾಯಿಂದ ಬ್ಯಾರಿಯನ್ನೂ ನಾಲ್ಕು ಮಾತು ಕಲಿತವರು. ಹತ್ತು ಹದಿನೈದು ವರ್ಷ ಆದ ಮೇಲೆ ಊರಲ್ಲಿ ತಂದೆತಾಯಿಗೆ ವಯಸ್ಸಾಗುತ್ತದೆ, ಗಂಡನೋ ಹೆಂಡತಿಯೋ ಬೇರೆ ಜಿಲ್ಲೆಯಲ್ಲಿ ಇರುತ್ತಾರೆ. ಕೌನ್ಸೆಲಿಂಗ್‌ನಲ್ಲಿ ಊರ ಹತ್ತಿರದ ಶಾಲೆ ಕಂಡರೆ ಒತ್ತುತ್ತಾರೆ, ಹೋಗುತ್ತಾರೆ. ಶಿಕ್ಷಕರ ವರ್ಗಾವಣೆಗೆ ನಮ್ಮ ರಾಜ್ಯದಲ್ಲಿ 2007ರಲ್ಲಿ ಕಾಯ್ದೆ ಬಂತು, 2020ರಲ್ಲಿ ಇನ್ನೊಂದು ಬಂತು. ಅದರಂತೆ ನಡೆಯುವ ಸಾಮಾನ್ಯ ವರ್ಗಾವಣೆ ಇದು. ಇದರಲ್ಲಿ ಶಾಲೆ ಕೆಟ್ಟುಹೋಯಿತು ಎಂದು ಹೇಳಲು ಏನೂ ಇಲ್ಲ.

ಗಲ್ಫಿಗೆ ಹೋಗಿ ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವರ ಮನೆಗಳಲ್ಲಿ, ದೂರದಲ್ಲಿ ದುಡಿಯುವವನಿಗೆ ಊರು ಎಷ್ಟು ಎಳೆಯುತ್ತದೆ ಎಂದು ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಆದರೆ ಇನ್ನೊಂದು ತರಹದ ವರ್ಗಾವಣೆ ಉಂಟು. ನಾವು ತಲೆ ಕೆಡಿಸಿಕೊಳ್ಳಬೇಕಾದದ್ದು ಅದರ ಬಗ್ಗೆ. ಇಲಾಖೆಯ ಭಾಷೆಯಲ್ಲಿ ಅದಕ್ಕೆ 'ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ' ಅನ್ನುತ್ತಾರೆ. ಮಕ್ಕಳ ಸಂಖ್ಯೆಗೆ ಲೆಕ್ಕ ಹಾಕಿದಾಗ ಈ ಶಾಲೆಗೆ ಒಬ್ಬರು ಟೀಚರ್ ಜಾಸ್ತಿ ಎಂದು ಕಂಡರೆ ಅವರನ್ನು ಬೇರೆ ಕಡೆ ಕಳುಹಿಸುತ್ತಾರೆ. ಅವರು ಕೇಳಿ ಹೋಗುವುದಲ್ಲ. ಲೆಕ್ಕ ಅವರನ್ನು ಕಳುಹಿಸುವುದು.

ಆ ಲೆಕ್ಕದ ಬುಡ ಇರುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. 61ರಿಂದ 90ಕ್ಕೆ ಮೂವರು. 91ರಿಂದ 120ಕ್ಕೆ ನಾಲ್ವರು. 150 ದಾಟಿದರೆ ಐವರು, ಜೊತೆಗೆ ಪ್ರತ್ಯೇಕ ಮುಖ್ಯಶಿಕ್ಷಕರು. ಈಗ ಒಂದು ಶಾಲೆಯಲ್ಲಿ 63 ಮಕ್ಕಳಿದ್ದಾರೆ ಅಂತ ಇಟ್ಟುಕೊಳ್ಳಿ. ಕಾಯ್ದೆಯ ಲೆಕ್ಕಕ್ಕೆ ಮೂವರು ಟೀಚರ್. ಟೀಚರಿಗೆ ಟ್ರಾನ್ಸ್‌ಫರ್ ಆಯಿತಂತೆ ಎಂಬ ಸುದ್ದಿ ಕೇಳಿ ಮೂರು ಮನೆಯವರು ಟಿ.ಸಿ. ತೆಗೆದರು. ಉಳಿದದ್ದು 60. ಲೆಕ್ಕ ಇಬ್ಬರಿಗೆ ಬಂದು ನಿಂತಿತು. ಇಬ್ಬರು ಐದು ಕ್ಲಾಸು ನೋಡಬೇಕು. ಒಬ್ಬರು ತರಬೇತಿಗೋ ಮೀಟಿಂಗಿಗೋ ಹೋದ ದಿನ ಇಡೀ ಶಾಲೆಗೆ ಒಬ್ಬರೇ. ಆಗ ಉಳಿದವರೂ ಹೇಳುತ್ತಾರೆ, "ನೋಡಿ, ನಾವು ಆಗಲೇ ಹೇಳಿದ್ದೆವಲ್ಲ, ಅಲ್ಲಿ ಪಾಠ ಆಗುವುದಿಲ್ಲ ಅಂತ."

ಮಗುವನ್ನು ಎಲ್ಲಿ ಓದಿಸಬೇಕು ಎನ್ನುವುದು ಹೆತ್ತವರ ಹಕ್ಕು. ಇಂಗ್ಲಿಷ್ ಬೇಕು ಎನ್ನುವ ಆಸೆಯನ್ನು ನಾವು ತಪ್ಪು ಎನ್ನುವುದಿಲ್ಲ. ಹೋಟೆಲಿನಲ್ಲಿ, ಮೀನಿನ ದಕ್ಕೆಯಲ್ಲಿ, ಗುಜರಿ ಅಂಗಡಿಯಲ್ಲಿ ದುಡಿದವನಿಗೆ ತನ್ನ ಮಗ ಹಾಗೆ ಆಗಬಾರದು ಎಂಬ ಹಟ ಇರುತ್ತದೆ, ಇರಬೇಕು. ಆದರೆ 2019ರಿಂದ ಸರಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಶುರು ಮಾಡಿದ್ದಾರೆ. ಹತ್ತಿರದ ಯಾವ ಶಾಲೆಯಲ್ಲಿ ಅದು ಉಂಟು ಎಂದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಅದನ್ನು ವಿಚಾರಿಸದೆ, ಹೊಸ ಟೀಚರ್ ಯಾರು ಎಂದು ಒಮ್ಮೆ ಹೋಗಿ ಮುಖ ನೋಡದೆ, ವಾಟ್ಸ್‌ಆ್ಯಪ್ ಗ್ರೂಪಿನ ಒಂದು ವಾಯ್ಸ್ ಕೇಳಿ ಟಿ.ಸಿ. ತೆಗೆಯುವುದು ಮಾತ್ರ ಯಾಕೆ ಎಂದು ನಮಗೆ ಅರ್ಥವಾಗುವುದಿಲ್ಲ. ಮುಂದೆ ಫೀಸು ಮತ್ತು ವ್ಯಾನಿನ ಬಾಡಿಗೆ ಕಟ್ಟಲಾಗದೆ ನಾಲ್ಕನೇ ಕ್ಲಾಸಿಗೆ ಅದೇ ಮಗು ಅದೇ ಶಾಲೆಗೆ ವಾಪಸ್ ಬರುವುದೂ ಉಂಟು. ಬರುವಾಗ ಮೂರನೇ ಟೀಚರ್ ಇರುವುದಿಲ್ಲ.

ಇನ್ನು ಬಂದ ಟೀಚರ್ ವಿಷಯ. ಕಾಯಂ ಹುದ್ದೆ ಖಾಲಿ ಇದ್ದಲ್ಲಿ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತಾರೆ. ಗೌರವಧನ ಸಣ್ಣದು, ಬರುವುದೂ ತಡವಾಗಿ. ಆದರೂ ನಾವು ಇಲ್ಲೊಂದು ಮಾತು ಹೇಳಬೇಕು. ನಮ್ಮ ಸಮುದಾಯದಲ್ಲಿ ಡಿ.ಎಡ್, ಬಿ.ಎಡ್ ಮುಗಿಸಿ ಮನೆಯಲ್ಲಿ ಕೂತಿರುವ ಹೆಣ್ಣುಮಕ್ಕಳು ಪ್ರತಿ ಊರಲ್ಲೂ ಇದ್ದಾರೆ. ಮನೆಯಿಂದ ನಡೆದುಕೊಂಡು ಹೋಗುವಷ್ಟು ದೂರದ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಬೇಕಾಗಿದ್ದಾರೆ ಎಂಬ ಸುದ್ದಿಯೇ ಅವರಿಗೆ ತಲುಪುವುದಿಲ್ಲ. ಸುದ್ದಿ ತಿಳಿಯುವಾಗ ಬೇರೆಯವರ ನೇಮಕ ಆಗಿರುತ್ತದೆ. ಮುಖ್ಯಶಿಕ್ಷಕರನ್ನು ಜೂನ್ ತಿಂಗಳಲ್ಲೇ ಹೋಗಿ ಕೇಳಬೇಕು. ಆ ಅನುಭವ ಮುಂದೆ ಟಿ.ಇ.ಟಿ. ಬರೆದು ಕಾಯಂ ಕೆಲಸಕ್ಕೆ ನಿಲ್ಲುವಾಗ ಧೈರ್ಯ ಕೊಡುತ್ತದೆ.

ಇದರಲ್ಲಿ ಮಕ್ಕಳಿಗೂ ಲಾಭ ಉಂಟು. ನಮ್ಮ ಮಗು ಆರು ವರ್ಷದವರೆಗೆ ಮನೆಯಲ್ಲಿ ಕೇಳುವುದು ಬ್ಯಾರಿ. ಶಾಲೆಯಲ್ಲಿ ಒಮ್ಮೆಲೇ ಕನ್ನಡ. ಅದೂ ಘಟ್ಟದ ಮೇಲಿನ ಹೊಸ ಟೀಚರ್ ಬಾಯಿಂದ ಬರುವ, ಇಲ್ಲಿಯವರು ಮಾತಾಡದ ಕನ್ನಡ. ಮಗು ಸುಮ್ಮನೆ ಕೂರುತ್ತದೆ. ಟೀಚರಿಗೆ ಅದು ಕಲಿಕೆಯಲ್ಲಿ ಹಿಂದೆ ಎಂದು ಕಾಣುತ್ತದೆ. ಮನೆಗೆ ಬಂದರೆ ಅದೇ ಮಗು ಅಂಗಳದಲ್ಲಿ ಬಾಯಿ ಮುಚ್ಚುವುದಿಲ್ಲ. ಒಂದರಿಂದ ಮೂರನೇ ತರಗತಿಯವರೆಗೆ ಇರುವ ನಲಿ-ಕಲಿ ಪದ್ಧತಿ ಇಂಥ ಮಕ್ಕಳಿಗೆ ಅನುಕೂಲವೇ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಗು ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ ಹೋಗುತ್ತದೆ. ಆದರೆ ಕಾರ್ಡಿನಲ್ಲಿ ಎಂತ ಉಂಟು ಎಂದು ಹೇಳಿಕೊಡುವವರಿಗೆ ಮಗುವಿನ ಮಾತು ಸ್ವಲ್ಪವಾದರೂ ಗೊತ್ತಿರಬೇಕು. ಹಾಗಾಗಿ ಮೊದಲ ತಿಂಗಳು ಉಮ್ಮಂದಿರು ಆಗಾಗ ಶಾಲೆಗೆ ಹೋಗಿ ಟೀಚರ್ ಹತ್ತಿರ ನಾಲ್ಕು ಮಾತಾಡಿದರೆ ಒಳ್ಳೆಯದು. ಮಗು ಬಾತ್ರೂಮಿಗೆ ಹೋಗಬೇಕು ಎಂದು ಹೇಗೆ ಕೇಳುತ್ತದೆ, ಹೊಟ್ಟೆನೋವು ಎಂದು ಹೇಗೆ ಹೇಳುತ್ತದೆ ಎಂದು ತಿಳಿಸಿದರೂ ಸಾಕು, ಟೀಚರಿಗೆ ಅರ್ಧ ಕೆಲಸ ಹಗುರ.

ಹೋಗುವ ಟೀಚರಿಗೆ ಶಾಲು, ಹಣ್ಣಿನ ಬುಟ್ಟಿ, ಬೀಳ್ಕೊಡುಗೆ ಎಲ್ಲ ನಾವು ಚೆನ್ನಾಗಿಯೇ ಮಾಡುತ್ತೇವೆ. ಬರುವ ಟೀಚರಿಗೆ ಮಾತ್ರ ಬಾಡಿಗೆ ಮನೆ ಸಿಗುವುದಿಲ್ಲ. ಊರಲ್ಲಿ ಗಲ್ಫಿನವರ ಮನೆಗಳಿಗೆ ಬೀಗ ಬಿದ್ದಿರುತ್ತದೆ, ಟೀಚರ್ ಎರಡು ಬಸ್ ಬದಲಿಸಿ ದಿನಾ ಬರುತ್ತಾರೆ. ಕೊಡಲು ನಮಗೆ ಒಂದು ಅಳುಕು, ನಮ್ಮ ಕಡೆ ಬಂದು ಇರಲು ಅವರಿಗೆ ಒಂದು ಅಳುಕು. ಶಾಲೆಯ ಹತ್ತಿರ ಮನೆ ಸಿಕ್ಕಿ, ನೆರೆಮನೆಯವರ ಪರಿಚಯ ಆದ ಟೀಚರ್ ಅಷ್ಟು ಬೇಗ ಕೌನ್ಸೆಲಿಂಗ್‌ಗೆ ಅರ್ಜಿ ಹಾಕುವುದಿಲ್ಲ ಎನ್ನುವುದು ನಾವು ನೋಡಿದ ಸಂಗತಿ.

ಶಾಲೆಯ ದಿನಚರಿಯೂ ಹಿಂದಿನಂತಿಲ್ಲ. 2013ರಿಂದ ಕ್ಷೀರಭಾಗ್ಯದ ಹಾಲು ಉಂಟು. ಈಗ ಕೆಲವು ದಿನ ಅದರಲ್ಲಿ ರಾಗಿ ಮಾಲ್ಟ್ ಕೂಡ. ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು 2024ರ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನಕ್ಕೆ ಏರಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಬೆಳಗ್ಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ತಿಂಗಳಲ್ಲಿ ಒಂದು ಶನಿವಾರ ಬ್ಯಾಗ್ ಇಲ್ಲ, 'ಸಂಭ್ರಮ ಶನಿವಾರ'. ನೀರು ಕುಡಿಯಲು ನೆನಪಿಸುವ ಗಂಟೆಯೂ ಕೆಲವು ಕಡೆ ಉಂಟು. ಎಲ್ಲ ಒಳ್ಳೆಯದೇ.

ಆದರೆ ಈ ದಿನಚರಿ ನಮ್ಮ ಮಗುವಿಗೆ ಪೂರ್ತಿ ಸಿಗುತ್ತಿದೆಯೇ? ಅದರ ಬೆಳಗ್ಗೆ ಹೇಗಿರುತ್ತದೆ ನೋಡಿ. ಆರು ಗಂಟೆಗೆ ಎಬ್ಬಿಸಬೇಕು. ಏಳಕ್ಕೆ ಮದ್ರಸ. ಬಿಡುವಾಗ ಒಂಬತ್ತರ ಹತ್ತಿರ. ಅಲ್ಲಿಂದ ಮನೆಗೆ ಓಡಿ, ಟೊಪ್ಪಿ ತೆಗೆದಿಟ್ಟು, ಯೂನಿಫಾರ್ಮ್ ಹಾಕಿ, ತಿಂಡಿ ತಿಂದರೆ ತಿಂದ, ಇಲ್ಲದಿದ್ದರೆ ಇಲ್ಲ. ಶಾಲೆಗೆ ತಲುಪುವಾಗ ಅಸೆಂಬ್ಲಿ ಮುಗಿದಿರುತ್ತದೆ. ಹತ್ತು ನಿಮಿಷ ಎಂದು ನಮಗೆ ಕಾಣಬಹುದು. ದಿನಕ್ಕೆ ಹತ್ತು ನಿಮಿಷ ಎಂದರೆ, ಕಾಯ್ದೆ ಹೇಳುವ 200 ಶಾಲಾ ದಿನಗಳಿಗೆ 2000 ನಿಮಿಷ, ಅಂದರೆ 33 ಗಂಟೆ. ಅದೂ ಮೊದಲ ಪೀರಿಯಡ್. ಹೆಚ್ಚಿನ ಕಡೆ ಕನ್ನಡವೋ ಗಣಿತವೋ ಇಡುವ ಹೊತ್ತು ಅದು. ಹತ್ತನೇ ಕ್ಲಾಸಿನಲ್ಲಿ ನಮ್ಮ ಮಕ್ಕಳಿಗೆ ಕಷ್ಟ ಕೊಡುವ ವಿಷಯಗಳು ಯಾವುವು ಎಂದು ಒಮ್ಮೆ ಯೋಚಿಸಿ.

ಇದಕ್ಕೆ ಮದ್ರಸವನ್ನು ದೂರುವುದು ಬೇಡ, ಶಾಲೆಯನ್ನು ದೂರುವುದೂ ಬೇಡ. ಮದ್ರಸದ ಶೈಕ್ಷಣಿಕ ವರ್ಷ ಶವ್ವಾಲಿನಲ್ಲಿ ಶುರುವಾಗುತ್ತದೆ, ಶಾಲೆಯದ್ದು ಜೂನ್ ಹೊತ್ತಿಗೆ. ಚಾಂದ್ರಮಾನದ ವರ್ಷ ಸುಮಾರು ಹನ್ನೊಂದು ದಿನ ಮುಂದೆ ಬರುತ್ತಾ ಹೋಗುವುದರಿಂದ ಎರಡರ ರಜೆ, ಪರೀಕ್ಷೆ ಯಾವತ್ತೂ ಒಂದೇ ತರಹ ಹೊಂದುವುದಿಲ್ಲ. ಹಾಗಾಗಿ ಪ್ರತಿ ವರ್ಷವೂ ಕೂತು ಮಾತಾಡಬೇಕಾದ ವಿಷಯ ಇದು. ಉಸ್ತಾದರು ಮತ್ತು ಮುಖ್ಯಶಿಕ್ಷಕರು ಜಮಾಅತ್ ಕಮಿಟಿಯ ಇಬ್ಬರ ಎದುರು ಅರ್ಧ ಗಂಟೆ ಕೂತರೆ ಆಯಿತು. ಕಾಲು ಗಂಟೆ ಮೊದಲು ಮದ್ರಸ ಬಿಡಲಾಗುತ್ತದೆಯೇ, ಶಾಲೆಯ ಪರೀಕ್ಷೆಯ ವಾರ ಏನು ಮಾಡುವುದು, ಮದ್ರಸದ ಪಬ್ಲಿಕ್ ಪರೀಕ್ಷೆಯ ದಿನ ಶಾಲೆಗೆ ಮೊದಲೇ ತಿಳಿಸುವುದು ಹೇಗೆ, ಇಷ್ಟೇ ವಿಷಯ. ಒಂದೇ ಮಗುವಿಗೆ ಪಾಠ ಹೇಳುವ ಇಬ್ಬರು ಗುರುಗಳು ಒಂದೇ ರಸ್ತೆಯಲ್ಲಿ ದಿನಾ ನಡೆದರೂ ಒಬ್ಬರಿಗೊಬ್ಬರು ಪರಿಚಯ ಇಲ್ಲದ ಊರುಗಳು ನಮ್ಮಲ್ಲಿ ಉಂಟು.

ಮಳೆ ರಜೆಯ ಬಗ್ಗೆಯೂ ಒಂದು ಮಾತು. ರಜೆ ಕೊಡುವುದು ಜಿಲ್ಲಾಧಿಕಾರಿಗಳ ಆದೇಶದಿಂದ, ಹೋದ ವರ್ಷದ ಆದೇಶದ ಫೋಟೋ ಫಾರ್ವರ್ಡ್ ಆದದ್ದರಿಂದ ಅಲ್ಲ ಮಾರ್ರೆ. ಹಾಗೆ ಹೋದ ದಿನಗಳನ್ನು ತುಂಬಲು ಮುಂದೆ ಶನಿವಾರ ಮಧ್ಯಾಹ್ನದ ಮೇಲೂ ಕ್ಲಾಸ್ ಇಡುತ್ತಾರೆ. ಆ ಶನಿವಾರಗಳಲ್ಲಿ ಮದುವೆ, ಸತ್ಕಾರ ಎಂದು ಮಗುವನ್ನು ಕರೆದುಕೊಂಡು ಹೋದರೆ ಎರಡು ಸಲ ಪಾಠ ತಪ್ಪಿದ ಹಾಗೆ.

ಇದನ್ನೆಲ್ಲ ಹೇಳಬೇಕಾದ ಜಾಗ ಒಂದು ಉಂಟು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. 2001ರಿಂದ ನಮ್ಮ ರಾಜ್ಯದಲ್ಲಿ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ನಮ್ಮ ಊರುಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಓದುಗರಿಗೆ ಗೊತ್ತು. ಗಂಡ ದಮ್ಮಾಮಿನಲ್ಲಿ, ಹೆಂಡತಿಯ ಹೆಸರು ಪಟ್ಟಿಯಲ್ಲಿ, ಮೀಟಿಂಗಿಗೆ ಬರುವುದು ಮೈದುನ. ಪುಸ್ತಕ ಮನೆಗೆ ಬರುತ್ತದೆ, ಸಹಿ ಆಗುತ್ತದೆ. ಮಗುವಿನ ಹೋಂವರ್ಕ್ ನೋಡುವವಳು, ಜ್ವರ ಬಂದರೆ ರಾತ್ರಿ ಎದ್ದು ಕೂರುವವಳು, ಮೊಟ್ಟೆ ಸಿಕ್ಕಿತೋ ಇಲ್ಲವೋ ಎಂದು ಕೇಳುವವಳು ಆ ಉಮ್ಮ. ಅವಳೇ ಹೋಗಿ ಕೂರಲಿ. ಮೀಟಿಂಗ್ ಹೊತ್ತನ್ನು ಅವಳಿಗೆ ಆಗುವ ಹಾಗೆ ಇಡಿ ಎಂದು ಕೇಳುವ ಹಕ್ಕು ಅವಳಿಗೆ ಉಂಟು. ಶೌಚಾಲಯದ ಬಾಗಿಲು ಮುರಿದದ್ದು, ಕ್ಲಾಸಿನ ಮಾಡು ಸೋರುವುದು, ಮೂರನೇ ಟೀಚರ್ ಹುದ್ದೆ ಖಾಲಿ ಇರುವುದು ಎಲ್ಲ ಆ ಪುಸ್ತಕದಲ್ಲಿ ಠರಾವು ಆಗಿ ಬರೆದು ಮೇಲೆ ಹೋದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಅಂಗಡಿ ಜಗಲಿಯಲ್ಲಿ ಹೇಳಿದ್ದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ಮುಂದಿನ ತಿಂಗಳುಗಳಲ್ಲಿ ಶಾಲೆಯಲ್ಲಿ ಒಂದರ ಹಿಂದೆ ಒಂದು ಕಾರ್ಯಕ್ರಮ. ಮಕ್ಕಳ ಶಾಲಾ ಸಂಸತ್ತಿನ ಚುನಾವಣೆ, ಆಗಸ್ಟ್ 15, ಆಮೇಲೆ ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ. ಕ್ಲಸ್ಟರಿನಲ್ಲಿ ಗೆದ್ದವರು ತಾಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗುತ್ತಾರೆ. ಧಾರ್ಮಿಕ ಪಠಣದಲ್ಲಿ ಅರೇಬಿಕ್ ಉಂಟು ಎಂದು ನಮ್ಮ ಮಕ್ಕಳ ಹೆಸರು ಅಲ್ಲಿ ಮಾತ್ರ ಬರೆಸಿ ಸುಮ್ಮನಾಗುವ ರೂಢಿ ಬಿಡೋಣ. ಮೀಲಾದ್ ಕಾರ್ಯಕ್ರಮಕ್ಕೆ ತಿಂಗಳುಗಟ್ಟಲೆ ತಯಾರಾಗಿ, ಮೈಕಿನ ಎದುರು ಹೆದರದೆ ಭಾಷಣ ಮಾಡುವ, ಹಾಡುವ ಮಕ್ಕಳು ಇವರು. ಕನ್ನಡ ಭಾಷಣ, ಕಥೆ ಹೇಳುವುದು, ಅಭಿನಯ ಗೀತೆಗೂ ಹೆಸರು ಕೊಡಿಸಿ. ಹೊಸ ಟೀಚರಿಗೆ ಯಾವ ಮಗುವಿಗೆ ಏನು ಬರುತ್ತದೆ ಎಂದು ಗೊತ್ತಿರುವುದಿಲ್ಲ, ಮನೆಯವರೇ ಹೋಗಿ ಹೇಳಬೇಕು.

ಅಕ್ಟೋಬರ್ 3 ಬ್ಯಾರಿ ಭಾಷಾ ದಿನ. 2007ರಲ್ಲಿ ಬ್ಯಾರಿ ಅಕಾಡೆಮಿ ಸ್ಥಾಪನೆಯಾದ ನೆನಪಿಗೆ ಅದನ್ನು ಆಚರಿಸುತ್ತೇವೆ, ಹೆಚ್ಚಾಗಿ ಸಭಾಂಗಣಗಳಲ್ಲಿ. ಬ್ಯಾರಿ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲಿ ಆ ವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಲು ಎಸ್‌ಡಿಎಂಸಿಯವರು ಕೇಳಬಹುದು. ದಸರಾ ರಜೆ ಬಂದರೆ ಮೊದಲೋ ನಂತರವೋ ಇಟ್ಟುಕೊಂಡರಾಯಿತು. ಊರಿನ ಅಜ್ಜಿಯೊಬ್ಬರು ಬಂದು ಬ್ಯಾರಿಯಲ್ಲಿ ಒಂದು ಕಥೆ ಹೇಳಲಿ, ನಾಲ್ಕನೇ ಕ್ಲಾಸಿನ ಮಗು ಅದನ್ನು ಕನ್ನಡದಲ್ಲಿ ಘಟ್ಟದ ಮೇಲಿನಿಂದ ಬಂದ ಟೀಚರಿಗೆ ತಿಳಿಸಿ ಹೇಳಲಿ.

ಜೂನ್ ಮುಗಿಯುವುದರೊಳಗೆ ಹೆಚ್ಚಿನ ಶಾಲೆಗಳಲ್ಲಿ ಹೆತ್ತವರ ಮೊದಲ ಸಭೆ ಕರೆಯುತ್ತಾರೆ. ಚೀಟಿ ಮಗುವಿನ ಬ್ಯಾಗಿನಲ್ಲಿ ಬರುತ್ತದೆ, ಮಳೆಗೆ ಒದ್ದೆಯಾಗಿ ಪುಸ್ತಕಕ್ಕೆ ಅಂಟಿಕೊಂಡಿರುತ್ತದೆ. ಇವತ್ತು ರಾತ್ರಿ ಒಮ್ಮೆ ಬ್ಯಾಗ್ ತೆಗೆದು ನೋಡಿ.